ಭೂಕಂಪಕ್ಕೆ ನಿಂತ ವೀಸಾ ಕೆಲಸ ಮತ್ತೆ ಶುರುವಾದಾಗ ಕುಟುಂಬದವರು ಏನೇನು ಮಾಡಬೇಕು

2015ರ ಏಪ್ರಿಲ್ 25, ಶನಿವಾರ. ನೇಪಾಳದಲ್ಲಿ ಬೆಳಗ್ಗೆ 11 ಗಂಟೆ 56 ನಿಮಿಷ. ಬಾಲ್ಟಿಮೋರ್‌ನ ನಮ್ಮ ಮನೆಯಲ್ಲಿ ಆಗ ರಾತ್ರಿ ಎರಡು ದಾಟಿತ್ತು. ನನ್ನ ಗಂಡ ನೇಪಾಳದವರು. ಅತ್ತೆ, ಮಾವ ಸಿಂಧುಪಾಲ್ಚೋಕ್ ಜಿಲ್ಲೆಯ ಚೌತಾರಾ ಪಟ್ಟಣದ ಮೇಲಿನ ಒಂದು ಹಳ್ಳಿಯಲ್ಲಿದ್ದರು. 7.8 ತೀವ್ರತೆಯ ಆ ಭೂಕಂಪದಲ್ಲಿ ಸುಮಾರು 9,000 ಜನ ತೀರಿಕೊಂಡರು. ಎಲ್ಲ ಜಿಲ್ಲೆಗಳಿಗಿಂತ ಜಾಸ್ತಿ ಸಾವಾಗಿದ್ದು ಅವರ ಜಿಲ್ಲೆಯಲ್ಲೇ.

ಇಬ್ಬರೂ ಹೊಲದಲ್ಲಿದ್ದರು, ಬದುಕಿಕೊಂಡರು. ಕಲ್ಲು ಮಣ್ಣಿನ ಮನೆ ಬಿದ್ದುಹೋಯಿತು. ಹನ್ನೊಂದು ದಿನ ಕಳೆದರೆ ಕಠ್ಮಂಡುವಿನ ಅಮೆರಿಕನ್ ರಾಯಭಾರ ಕಚೇರಿಯಲ್ಲಿ ಅವರ ವಲಸೆ ವೀಸಾ ಸಂದರ್ಶನ ಇತ್ತು, ಅದು ರದ್ದಾಯಿತು. ಅದಕ್ಕೆ ಬೇಕಾದ ಮೂಲ ಕಾಗದಗಳಲ್ಲಿ ಬಹುಪಾಲು ಮನೆಯೊಳಗಿನ ಟ್ರಂಕಿನಲ್ಲಿದ್ದವು.

ಆ ನಂತರದ ಮೂರು ತಿಂಗಳಲ್ಲಿ ನಾವು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಆಮೇಲೆ ನಮ್ಮ ಪರಿಚಯದ ಹಲವು ನೇಪಾಳಿ ಕುಟುಂಬಗಳ ಫೈಲುಗಳ ಜೊತೆಗೂ ಓಡಾಡಿದ್ದೇನೆ. ನಾನು ವಕೀಲೆ ಅಲ್ಲ. ಆದರೆ ಇದೇ ದಾರಿಯಲ್ಲಿ ನಡೆದು ಬಂದವಳು. ಗಂಡ, ಹೆಂಡತಿ, ಮಕ್ಕಳು, ಅಪ್ಪ ಅಮ್ಮನಿಗಾಗಿ ಅಮೆರಿಕದ ವೀಸಾಕ್ಕೆ ಕಾಯುತ್ತಿರುವಾಗ ಭೂಕಂಪವೋ ನೆರೆಯೋ ಚಂಡಮಾರುತವೋ ಅಡ್ಡ ಬಂದವರಿಗೆ ಇದು ಉಪಯೋಗಕ್ಕೆ ಬರಲಿ.

ಎಲ್ಲಕ್ಕಿಂತ ಮೊದಲು ಒಂದು ಮಾತು. ಕಾಗದ ತರಲೆಂದು ಬಿರುಕು ಬಿಟ್ಟ ಮನೆಯೊಳಗೆ ಯಾರೂ ಹೋಗಬೇಡಿ. ಅತ್ತೆ ಪ್ರತಿದಿನ ಆ ಟ್ರಂಕು ಹುಡುಕಲು ಹೋಗುತ್ತಿದ್ದರು. "ವೀಸಾ ಹೋಗ್ಬಿಟ್ರೆ ಮಗನ ಮುಖ ನೋಡೋದು ಯಾವಾಗ" ಅನ್ನೋದೇ ಅವರ ಚಿಂತೆ. ನನ್ನ ಗಂಡ ಫೋನಿನಲ್ಲಿ ಅತ್ತು ಬೇಡಿಕೊಂಡ ಮೇಲೆ ನಿಲ್ಲಿಸಿದರು. ಮೇ 12ಕ್ಕೆ 7.3ರ ಇನ್ನೊಂದು ಕಂಪನ ಬಂತು. ನಿಂತಿದ್ದ ಒಂದು ಗೋಡೆಯೂ ಆ ಟ್ರಂಕಿದ್ದ ಜಾಗದ ಮೇಲೇ ಬಿತ್ತು. ಕಳೆದುಹೋದ ಪ್ರತಿಯೊಂದು ಕಾಗದಕ್ಕೂ ಬದಲಿ ದಾರಿ ಇದೆ. ಮನೆಯ ಹಿರಿಯರಿಗೆ ಇದನ್ನು ಅವರ ಭಾಷೆಯಲ್ಲಿ, ಮೊದಲ ಫೋನಿನಲ್ಲೇ ಹೇಳಿ.

ಈಗ ಕೆಲಸಕ್ಕೆ ಬರೋಣ. ನಿಮ್ಮ ಫೈಲು ಯಾರ ಕೈಯಲ್ಲಿದೆ ಅನ್ನೋದು ಮೊದಲು ಗೊತ್ತಾಗಬೇಕು. ಕುಟುಂಬದ ವಲಸೆ ವೀಸಾ ಮೂರು ಕೈ ದಾಟುತ್ತದೆ. ಅಮೆರಿಕದಲ್ಲಿರುವವರು ತಮ್ಮವರಿಗಾಗಿ ಹಾಕುವ ಐ-130 ಅರ್ಜಿಯನ್ನು ಅಮೆರಿಕದ ವಲಸೆ ಇಲಾಖೆಯಾದ ಯುಎಸ್‌ಸಿಐಎಸ್ ನೋಡುತ್ತದೆ. ಮಂಜೂರಾದರೆ ಅದು ನ್ಯೂ ಹ್ಯಾಂಪ್‌ಶೈರ್‌ನಲ್ಲಿರುವ ನ್ಯಾಷನಲ್ ವೀಸಾ ಸೆಂಟರ್‌ಗೆ ಹೋಗುತ್ತದೆ. ಎಲ್ಲರೂ ಎನ್‌ವಿಸಿ ಅನ್ನೋದು ಅದಕ್ಕೇ. ಅಲ್ಲಿ ಶುಲ್ಕ ಕಟ್ಟಿ, ಡಿಎಸ್-260 ಎಂಬ ವೀಸಾ ಅರ್ಜಿ ತುಂಬಿ, ಕಾಗದಗಳನ್ನು ಕೊಟ್ಟ ಮೇಲೆ ಸಂದರ್ಶನದ ದಿನ ಗೊತ್ತಾಗುತ್ತದೆ. ಆಗ ಫೈಲು ರಾಯಭಾರ ಕಚೇರಿ ಸೇರುತ್ತದೆ.

ಫೈಲು ಮೊದಲಿನ ಎರಡು ಕೈಯಲ್ಲಿದ್ದರೆ ನಿಮ್ಮ ದೇಶದಲ್ಲಿ ಏನೇ ಆಗಿದ್ದರೂ ಆ ಕೆಲಸ ಅಮೆರಿಕದಲ್ಲಿ ನಡೆಯುತ್ತಲೇ ಇರುತ್ತದೆ. ಆ ಹೊತ್ತಲ್ಲಿ ಸುಮ್ನೆ ರಾಯಭಾರ ಕಚೇರಿಗೆ ಬರೆದು ಪ್ರಯೋಜನವಿಲ್ಲ. ಯುಎಸ್‌ಸಿಐಎಸ್‌ನಲ್ಲಿದ್ದರೆ ಪ್ರಕೃತಿ ವಿಕೋಪದ ಕಾರಣ ಕೊಟ್ಟು ಬೇಗ ನೋಡಿ ಎಂದು ಕೇಳಬಹುದು. ಅವರು ಕೇಳಿದ ಹೆಚ್ಚುವರಿ ದಾಖಲೆಗೆ ಸಮಯ ಸಾಲದಿದ್ದರೆ ಅದನ್ನೂ ಹೇಳಿಕೊಳ್ಳಬಹುದು. ಒಬ್ಬೊಬ್ಬರ ಸ್ಥಿತಿ ನೋಡಿ ತೀರ್ಮಾನ ಮಾಡುತ್ತಾರೆ. ಯುಎಸ್‌ಸಿಐಎಸ್ ರಸೀದಿ ಸಂಖ್ಯೆ, ಎನ್‌ವಿಸಿ ಕೇಸ್ ಸಂಖ್ಯೆ ಎರಡಕ್ಕೂ ಮೂರು ಅಕ್ಷರ, ಹತ್ತು ಅಂಕಿ. ನೋಡಲು ಒಂದೇ ಥರ, ಆದರೆ ಬೇರೆ ಬೇರೆ. ಎರಡನ್ನೂ, ಜೊತೆಗೆ ಶುಲ್ಕದ ಇನ್ವಾಯ್ಸ್ ಸಂಖ್ಯೆಯನ್ನೂ ಬರೆದಿಟ್ಟುಕೊಳ್ಳಿ. ಅಪ್ಪ, ಅಮ್ಮನ ಅರ್ಜಿ ಒಬ್ಬೊಬ್ಬರಿಗೂ ಬೇರೆ. ನಮ್ಮ ಮಾವನ ದಿನಾಂಕ ಬದಲಾಗಿ ಮೇಲ್ ಬಂದಾಗ ಅತ್ತೆಯದೂ ಅದೇ ಎಂದುಕೊಂಡೆವು. ಅವರದು ನಾಲ್ಕು ದಿನ ತಡವಾಗಿ, ಬೇರೆ ಮೇಲ್‌ನಲ್ಲಿ ಬಂತು.

ಇನ್ನೊಂದು ವ್ಯತ್ಯಾಸ ಗಮನಿಸಿ. ಕಚೇರಿಯೇ ಮುಚ್ಚಿದ್ದರೆ ಹೊಸ ದಿನಾಂಕ ಕೊಡುವುದು ಅವರ ಕೆಲಸ. ಆದರೆ ಕಚೇರಿ ತೆರೆದೇ ಇದ್ದು ನಿಮ್ಮ ಊರಿನ ರಸ್ತೆ ಮಾತ್ರ ಕೊಚ್ಚಿಹೋಗಿದ್ದರೆ, ಬರಲಾಗುತ್ತಿಲ್ಲ ಎಂದು ಹೇಳಿ ಹೊಸ ದಿನ ಕೇಳಬೇಕಾದವರು ನೀವೇ. ಸಂದರ್ಶನದ ದಿನಕ್ಕೆ ಮೊದಲೇ ಬರೆದರೆ ಒಳ್ಳೆಯದು. ಆಗದಿದ್ದರೆ ಸಂಪರ್ಕ ಸಿಕ್ಕ ದಿನವೇ ಬರೆಯಿರಿ. ಅಮೆರಿಕದಲ್ಲಿರುವ ಮಗನೋ ಮಗಳೋ ಅವರ ಪರವಾಗಿ ಬರೆದರೂ ನಡೆಯುತ್ತದೆ.

ನಾವು ಮಾಡಿದ್ದರಲ್ಲಿ ಅತಿ ಉಪಯೋಗಕ್ಕೆ ಬಂದದ್ದು ಫ್ರಿಜ್ ಬಾಗಿಲಿಗೆ ಅಂಟಿಸಿದ್ದ ಒಂದು ಹಾಳೆ. ಕೌಂಟರ್ ಮುಚ್ಚಿರಬಹುದು, ಆದರೆ ಕಾಗದಗಳ ಅವಧಿ ಓಡುತ್ತಲೇ ಇರುತ್ತದೆ. ಇದು ನಮಗೆ ಹೊಳೆದದ್ದು ಮೂರನೇ ವಾರದಲ್ಲಿ. ಯಾರೂ ಹೇಳಿರಲಿಲ್ಲ. ಅವತ್ತೇ ಕೂತು ಪ್ರತಿ ಕಾಗದದ ಎದುರು ಅದು ಮುಗಿಯುವ ದಿನ ಬರೆದೆವು.

ವೈದ್ಯಕೀಯ ಪರೀಕ್ಷೆ ಎಲ್ಲಕ್ಕಿಂತ ಬೇಗ ಮುಗಿಯುತ್ತದೆ. ರಾಯಭಾರ ಕಚೇರಿ ಒಪ್ಪಿದ ವೈದ್ಯರು ಮಾಡಿದ ಪರೀಕ್ಷೆ ಸಾಮಾನ್ಯವಾಗಿ ಆರು ತಿಂಗಳು ನಡೆಯುತ್ತದೆ. ಕ್ಷಯದ ವಿಷಯದಲ್ಲಿ ಏನಾದರೂ ಕಂಡುಬಂದಿದ್ದರೆ ಅದಕ್ಕಿಂತ ಕಡಿಮೆ. ಅತ್ತೆ, ಮಾವನದು ಏಪ್ರಿಲ್ 13ಕ್ಕೆ ಆಗಿತ್ತು. ಹಾಗಾಗಿ ಅಕ್ಟೋಬರ್ ಎರಡನೇ ವಾರದೊಳಗೆ ಅವರು ಅಮೆರಿಕದ ನೆಲ ಮುಟ್ಟಬೇಕಿತ್ತು. ವೀಸಾ ಸಿಕ್ಕರೆ ಸಾಲದು, ಅಷ್ಟರೊಳಗೆ ಬಂದು ಇಳಿಯಬೇಕು. ಪರೀಕ್ಷೆ ಇನ್ನೂ ಮಾಡಿಸಿಲ್ಲದಿದ್ದರೆ ಹೊಸ ದಿನಾಂಕ ಗೊತ್ತಾಗುವವರೆಗೆ ಮಾಡಿಸಬೇಡಿ. ಕಫದ ಪರೀಕ್ಷೆ ಬೇಕೆಂದು ವೈದ್ಯರು ಹೇಳಿದರೆ ಅದರ ಫಲಿತಾಂಶಕ್ಕೇ ಎಂಟು ವಾರ ಹಿಡಿಯುತ್ತದೆ. ಟೆಂಟಿನಲ್ಲಿ, ಹೊಗೆಯಲ್ಲಿ ತಿಂಗಳುಗಟ್ಟಲೆ ಇದ್ದ ವಯಸ್ಸಾದವರಿಗೆ ಕೆಮ್ಮಿದ್ದರೆ ಈ ಎಂಟು ವಾರವನ್ನೂ ಲೆಕ್ಕಕ್ಕೆ ಹಿಡಿಯಿರಿ.

ಪೊಲೀಸ್ ಪ್ರಮಾಣಪತ್ರ ಈಗ ಎರಡು ವರ್ಷ ನಡೆಯುತ್ತದೆ. ಹದಿನಾರು ವರ್ಷ ತುಂಬಿದ ಮೇಲೆ ಬೇರೆ ದೇಶದಲ್ಲಿ ಒಂದು ವರ್ಷ ಅಥವಾ ಜಾಸ್ತಿ ಇದ್ದರೆ ಅಲ್ಲಿಯದೂ ಬೇಕು. ಮಾವ ಎಂಟು ವರ್ಷ ಬೆಂಗಳೂರಿನಲ್ಲಿ ಒಂದು ಅಪಾರ್ಟ್‌ಮೆಂಟಿನ ವಾಚ್‌ಮನ್ ಆಗಿದ್ದವರು. ನನ್ನ ಜೊತೆ ಕನ್ನಡದಲ್ಲೇ ಮಾತಾಡುತ್ತಾರೆ. ಭಾರತದ ಪ್ರಮಾಣಪತ್ರ ಪಡೆಯಲು ನಾವು ಬಹಳ ಒದ್ದಾಡಿದ್ದೆವು. ಪ್ರಮಾಣಪತ್ರ ಪಡೆದ ಮೇಲೆ ಮತ್ತೆ ಆ ದೇಶಕ್ಕೆ ಹೋಗಿರದಿದ್ದರೆ ಹಳೆಯದೇ ನಡೆಯುತ್ತದೆ. ನಮ್ಮನ್ನು ಉಳಿಸಿದ್ದು ಅದೇ.

ಪಾಸ್‌ಪೋರ್ಟ್ ಅವಧಿ ನೋಡಿ. ಅಮೆರಿಕದಲ್ಲಿರುವವರು ಸಹಿ ಮಾಡುವ ಐ-864 ಆದಾಯದ ಪತ್ರವನ್ನೂ ಮರೆಯಬೇಡಿ. ಮನೆಯಲ್ಲಿ ಎಷ್ಟು ಜನ ಎಂಬುದಕ್ಕೆ ತಕ್ಕಂತೆ ಅಮೆರಿಕ ಸರ್ಕಾರ ಹೇಳುವ ಬಡತನದ ಮಿತಿಯ ಶೇಕಡಾ 125ರಷ್ಟಾದರೂ ಆದಾಯ ತೋರಿಸಬೇಕು. ನನ್ನ ಗಂಡ ಜೂನ್‌ನಲ್ಲಿ ಕೆಲಸ ಬದಲಿಸಿದರು. ಹೊಸ ಕಡೆಯ ಪತ್ರ, ಸಂಬಳದ ಚೀಟಿ ಸೇರಿಸಿ ಹೊಸದಾಗಿ ಸಹಿ ಮಾಡಿ ಕಳಿಸಿದೆವು. ಸಂದರ್ಶನದಲ್ಲಿ ಅದನ್ನೇ ಮೊದಲು ಕೇಳಿದರು.

ಆ ಹಾಳೆಯಲ್ಲಿ ಕೊನೆಯ ಸಾಲು ಎನ್‌ವಿಸಿಯದ್ದು. ವೀಸಾ ಸಂಖ್ಯೆ ಲಭ್ಯವಿದೆ, ಅಂದರೆ ನಿಮ್ಮ ಸರದಿ ಬಂದಿದೆ ಎಂಬ ನೋಟಿಸ್ ಬಂದ ಮೇಲೆ ಒಂದು ವರ್ಷ ಏನೂ ಮಾಡದೆ ಕೂತರೆ ಅರ್ಜಿ ರದ್ದಾಗುವ ಪ್ರಕ್ರಿಯೆ ಶುರುವಾಗಬಹುದು. ನೋಟಿಸ್‌ನಿಂದ ಎರಡು ವರ್ಷದೊಳಗೆ, ಕೈ ಮೀರಿದ ಕಾರಣ ಇತ್ತು ಎಂದು ತೋರಿಸಿದರೆ ಅದಕ್ಕೆ ಮತ್ತೆ ಜೀವ ಬರುತ್ತದೆ. ಆದರೆ ಅಲ್ಲಿಯವರೆಗೆ ಹೋಗಬಿಡಬೇಡಿ. ವರ್ಷಕ್ಕೊಮ್ಮೆಯಾದರೂ ಲಾಗಿನ್ ಆಗಿ, ಇಲ್ಲವೇ ಒಂದು ಪ್ರಶ್ನೆ ಕಳಿಸಿ, ನೀವಿದ್ದೀರಿ ಎಂದು ತೋರಿಸಿ.

ಕಳೆದುಹೋದ ಕಾಗದಗಳ ವಿಷಯ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಎಲ್ಲರೂ ಹೆದರುವುದು ಇಲ್ಲೇ ಅಲ್ವಾ. ಅತ್ತೆ, ಮಾವನ ಪಾಸ್‌ಪೋರ್ಟ್‌ಗಳು ವೈದ್ಯಕೀಯ ಪರೀಕ್ಷೆಗೆಂದು ಬಂದಾಗ ಕಠ್ಮಂಡುವಿನ ನೆಂಟರ ಮನೆಯಲ್ಲೇ ಉಳಿದಿದ್ದವು. ಹೋದದ್ದು ನಾಗರಿಕತಾ, ಅಂದರೆ ಪೌರತ್ವದ ಪ್ರಮಾಣಪತ್ರ, ಮದುವೆ ನೋಂದಣಿ, ಮತ್ತು ನಾತಾ ಪ್ರಮಾಣಿತ. ಈ ಕೊನೆಯದು ಯಾರು ಯಾರಿಗೆ ಏನಾಗಬೇಕು ಎಂದು ಸ್ಥಳೀಯ ಕಚೇರಿ ಬರೆದುಕೊಡುವ ಪತ್ರ. ನಾಗರಿಕತಾದ ನಕಲು ಜಿಲ್ಲಾ ಆಡಳಿತ ಕಚೇರಿಯಲ್ಲಿ ಸಿಗುತ್ತದೆ. ಅದಕ್ಕೆ ಪ್ರತಿಲಿಪಿ ಅನ್ನುತ್ತಾರೆ. ನಮ್ಮ ಹತ್ತಿರ ಎಲ್ಲದರ ಸ್ಕ್ಯಾನ್ ಇತ್ತು, ಎನ್‌ವಿಸಿಗೆ ಕಳಿಸುವಾಗ ಮಾಡಿದ್ದು. ಅದರಲ್ಲಿದ್ದ ಸಂಖ್ಯೆ, ದಿನಾಂಕ ತೋರಿಸಿದ್ದಕ್ಕೆ ಪ್ರತಿಲಿಪಿ ಬೇಗ ಆಯಿತು. ನಿಮ್ಮ ಹತ್ತಿರ ಸ್ಕ್ಯಾನ್ ಇಲ್ಲದಿದ್ದರೂ ಎನ್‌ವಿಸಿಯ ಆನ್‌ಲೈನ್ ಖಾತೆಯಲ್ಲಿ ನೀವೇ ಹಾಕಿದ ಪ್ರತಿಗಳು ಇರಬಹುದು, ಅಲ್ಲಿ ನೋಡಿ. ಸಂದರ್ಶನಕ್ಕೆ ಮಾತ್ರ ಮೂಲ ಕಾಗದ, ಇಲ್ಲವೇ ಸರ್ಕಾರ ಕೊಟ್ಟ ಅಧಿಕೃತ ನಕಲು ಬೇಕು.

ಕಾಗದ ಕೊಟ್ಟ ಕಚೇರಿಯೇ ನೆಲಸಮವಾಗಿ, ದಾಖಲೆ ಪುಸ್ತಕಗಳೂ ಹೋಗಿದ್ದರೆ? ನಮ್ಮ ಹಳ್ಳಿಯ ಕಚೇರಿಗೆ ಆದದ್ದು ಅದೇ. ಆಗ ಎರಡು ಹೆಜ್ಜೆ ಇದೆ. ಮೊದಲು, ಈ ದಾಖಲೆ ಈಗ ಲಭ್ಯವಿಲ್ಲ, ಕಾರಣ ಇದು ಎಂದು ಅದೇ ಇಲಾಖೆಯಿಂದ ಬರೆಸಿಕೊಳ್ಳಿ. ಆಮೇಲೆ ಬದಲಿ ಪುರಾವೆ ಸೇರಿಸಿ. ಶಾಲೆಯ ದಾಖಲೆ, ಲಸಿಕೆ ಕಾರ್ಡು, ಮತದಾರರ ಪಟ್ಟಿ, ಹಳೆಯ ಫೋಟೋ, ಮತ್ತು ಆ ಹುಟ್ಟು ಅಥವಾ ಮದುವೆಯನ್ನು ಕಣ್ಣಾರೆ ಕಂಡ ಇಬ್ಬರ ಅಫಿಡವಿಟ್. ಅಫಿಡವಿಟ್‌ನಲ್ಲಿ "ಇವರು ನನಗೆ ಗೊತ್ತು" ಅಂತ ಬರೆದರೆ ಸಾಲದು. ಸಾಕ್ಷಿ ಹೇಳುವವರು ಯಾರು, ಯಾವಾಗ ಹುಟ್ಟಿದರು, ಆ ದಿನ ಎಲ್ಲಿದ್ದರು, ಏನು ನೋಡಿದರು ಎಂಬುದು ಇರಬೇಕು. ಅತ್ತೆಯ ಮದುವೆಗೆ ಸಾಕ್ಷಿ ಹೇಳಿದ್ದು ಅವರ ಎಪ್ಪತ್ತೆಂಟು ವರ್ಷದ ಅಕ್ಕ. ಮದುವೆಯ ದಿನ ಮಳೆ ಬಂದು ದಿಬ್ಬಣ ನದಿಯ ಆಚೆ ಕಡೆ ನಿಂತದ್ದನ್ನೂ ಅವರು ಹೇಳಿದರು, ನಾವು ಹಾಗೇ ಬರೆಸಿದೆವು. ಯಾವ ದೇಶದ ಯಾವ ಕಾಗದ ಒಪ್ಪುತ್ತಾರೆ ಎಂಬ ಪಟ್ಟಿ ಅಮೆರಿಕದ ವಿದೇಶಾಂಗ ಇಲಾಖೆಯ ಜಾಲತಾಣದಲ್ಲಿ ದೇಶವಾರು ಇದೆ. ಕಾಗದ ಮಾಡಿಸುವ ಮೊದಲು ಅದನ್ನು ಓದಿ.

ಏನೂ ಸಿಗದಿದ್ದರೆ ಡಿಎನ್‌ಎ ಪರೀಕ್ಷೆ ಮಾಡಿಸಬಹುದು ಎಂದು ಅಧಿಕಾರಿಯೇ ಸೂಚಿಸುವುದುಂಟು. ಅಪ್ಪ, ಅಮ್ಮ ಮತ್ತು ಮಕ್ಕಳ ಸಂಬಂಧಕ್ಕೆ ಇದು ಗಟ್ಟಿ ಪುರಾವೆ. ಆದರೆ ಅಂಗಡಿಯಲ್ಲಿ ಸಿಗುವ ಕಿಟ್ ತಂದು ಮಾಡಿದರೆ ದುಡ್ಡು ದಂಡ. ಎಎಬಿಬಿ ಎಂಬ ಸಂಸ್ಥೆಯ ಮಾನ್ಯತೆ ಇರುವ ಅಮೆರಿಕದ ಲ್ಯಾಬ್ ಆಗಬೇಕು. ಕಿಟ್ ಲ್ಯಾಬ್‌ನಿಂದ ನೇರವಾಗಿ ರಾಯಭಾರ ಕಚೇರಿಗೆ ಹೋಗಬೇಕು, ಫಲಿತಾಂಶವೂ ಹಾಗೇ. ಅವರು ಸೂಚಿಸಿದ ಮೇಲೆಯೇ ಶುರು ಮಾಡಿ.

ಮಗನಿಗೋ ಮಗಳಿಗೋ ಇಪ್ಪತ್ತೊಂದು ವರ್ಷ ಹತ್ತಿರ ಬಂದಿದೆಯಾ? ಹಾಗಿದ್ದರೆ ಉಳಿದದ್ದನ್ನೆಲ್ಲ ಬದಿಗಿಟ್ಟು ಇದನ್ನು ನೋಡಿ, ಇಪ್ಪತ್ತೊಂದು ತುಂಬಿದರೆ ವೀಸಾ ಲೆಕ್ಕದಲ್ಲಿ ಮಗು ಅಲ್ಲ. ಅಮೆರಿಕದ ಪೌರರ ಮದುವೆಯಾಗದ ಮಕ್ಕಳ ವಯಸ್ಸು ಐ-130 ಹಾಕಿದ ದಿನಕ್ಕೆ ನಿಂತುಬಿಡುತ್ತದೆ. ಅವರಿಗೆ ಚಿಂತೆಯಿಲ್ಲ. ಗ್ರೀನ್ ಕಾರ್ಡ್ ಇರುವವರ ಮಕ್ಕಳಿಗೆ ಲೆಕ್ಕ ಬೇರೆ. ವೀಸಾ ಸಂಖ್ಯೆ ಲಭ್ಯವಾದ ದಿನದ ವಯಸ್ಸಿನಿಂದ ಐ-130 ಎಷ್ಟು ದಿನ ಯುಎಸ್‌ಸಿಐಎಸ್‌ನಲ್ಲಿ ಕೂತಿತ್ತೋ ಅಷ್ಟು ದಿನ ಕಳೆಯಬೇಕು. ಉತ್ತರ ಇಪ್ಪತ್ತೊಂದಕ್ಕಿಂತ ಕಡಿಮೆ ಇದ್ದರೆ ಮಗುವೇ. ಆದರೆ ಸಂಖ್ಯೆ ಲಭ್ಯವಾದ ಒಂದು ವರ್ಷದೊಳಗೆ ಡಿಎಸ್-260 ಸಲ್ಲಿಸುವಂಥ ಹೆಜ್ಜೆ ಇಟ್ಟಿರಬೇಕು. ರಾಯಭಾರ ಕಚೇರಿ ಮುಚ್ಚಿದೆ, ಆಮೇಲೆ ತುಂಬೋಣ ಎಂದು ನಮ್ಮ ಪರಿಚಯದ ಒಂದು ಕುಟುಂಬ ಬಿಟ್ಟುಕೊಂಡಿತ್ತು. ಆ ಫಾರ್ಮ್ ಆನ್‌ಲೈನ್‌ನಲ್ಲಿ ತುಂಬುವುದು. ಅದಕ್ಕೆ ಯಾವ ಕೌಂಟರೂ ತೆರೆಯಬೇಕಿಲ್ಲ. ಹನ್ನೊಂದನೇ ತಿಂಗಳಲ್ಲಿ ನಾವೇ ಕೂತು ತುಂಬಿಸಿದೆವು. ಇಂಥ ಕೇಸಿಗೆ ಒಳ್ಳೆಯ ವಲಸೆ ವಕೀಲರಿಗೆ ಕೊಡುವ ದುಡ್ಡು ವ್ಯರ್ಥ ಅಲ್ಲ.

ಕಚೇರಿ ಮತ್ತೆ ತೆರೆಯಿತು ಎಂಬ ಸುದ್ದಿ ಬಂದ ದಿನ ಎಲ್ಲರೂ ಒಟ್ಟಿಗೇ ಮೇಲ್ ಮಾಡುತ್ತಾರೆ. ನಾವೂ ಮೊದಲ ವಾರ ದಿನಕ್ಕೊಂದು ಕಳಿಸಿದೆವು, ಅದು ತಪ್ಪು. ಒಂದೇ ಮೇಲ್ ಸಾಕು. ವಿಷಯದ ಸಾಲಿನಲ್ಲಿ ಕೇಸ್ ಸಂಖ್ಯೆ, ಪಾಸ್‌ಪೋರ್ಟ್‌ನಲ್ಲಿರುವ ಹಾಗೆ ಹೆಸರು, ಹುಟ್ಟಿದ ದಿನ. ಒಳಗೆ ನಾಲ್ಕು ಸಾಲು. ನಮ್ಮ ಸಂದರ್ಶನ ಇಂಥ ದಿನ ಇತ್ತು, ಭೂಕಂಪದಿಂದ ರದ್ದಾಯಿತು. ಅರ್ಜಿದಾರರು ಈಗ ಇಂಥ ಕಡೆ ಇದ್ದಾರೆ, ಹೊಸ ಫೋನ್ ಸಂಖ್ಯೆ ಇದು. ವೈದ್ಯಕೀಯ ಪರೀಕ್ಷೆ ಇಂಥ ದಿನಕ್ಕೆ ಮುಗಿಯುತ್ತದೆ. ಹೊಸ ದಿನಾಂಕ ಕೊಡಿ. ವಿಳಾಸ ಬದಲಾದದ್ದನ್ನು ಬರೆಯಲು ಮರೆಯಬೇಡಿ. ಮನೆಯೇ ಇಲ್ಲದವರ ಹಳೆಯ ವಿಳಾಸಕ್ಕೆ ಕಾಗದ ಹೋದರೆ ಯಾರಿಗೆ ಸಿಗುತ್ತದೆ?

ತುರ್ತು ಇದ್ದರೆ ಅದಕ್ಕೆ ಪುರಾವೆ ಕೊಡಿ. ಪ್ರಾಣಕ್ಕೆ ಅಪಾಯದ ಕಾಯಿಲೆ ಇದ್ದರೆ ಆಸ್ಪತ್ರೆಯ ಲೆಟರ್‌ಹೆಡ್‌ನಲ್ಲಿ ವೈದ್ಯರ ಸಹಿ ಇರುವ ಪತ್ರ ಬೇಕು. ಮನೆ ಬಿದ್ದಿದೆ ಎಂಬುದೊಂದೇ ಕಾರಣಕ್ಕೆ ಉಳಿದವರಿಗಿಂತ ಮೊದಲು ಕರೆಯುವುದು ಕಷ್ಟ, ಸಾಲಿನಲ್ಲಿರುವ ಎಲ್ಲರ ಮನೆಯೂ ಬಿದ್ದಿರುತ್ತದೆ. ಸಾಮಾನ್ಯವಾಗಿ ಕಚೇರಿ ಒಮ್ಮೆಲೇ ಪೂರ್ತಿ ತೆರೆಯುವುದಿಲ್ಲ. ಮೊದಲು ತಮ್ಮ ದೇಶದ ಪೌರರು, ತುರ್ತು ಕೇಸುಗಳು, ಆಮೇಲೆ ಉಳಿದವರು. ಅಮೆರಿಕದ ಪೌರರ ಗಂಡ, ಹೆಂಡತಿ, ಚಿಕ್ಕ ಮಕ್ಕಳು, ಅಪ್ಪ ಅಮ್ಮ ಇವರಿಗೆ ವರ್ಷಕ್ಕೆ ಇಷ್ಟೇ ವೀಸಾ ಎಂಬ ಮಿತಿ ಇಲ್ಲ. ಪೌರರ ಅಣ್ಣ ತಮ್ಮ, ಅಕ್ಕ ತಂಗಿಯರಿಗೆ, ದೊಡ್ಡ ಮಕ್ಕಳಿಗೆ, ಗ್ರೀನ್ ಕಾರ್ಡ್ ಇರುವವರ ಕುಟುಂಬಕ್ಕೆ ಮಿತಿ ಇದೆ. ಯಾರ ಸರದಿ ಬಂದಿದೆ ಎಂದು ತಿಳಿಸುವ ಪ್ರತಿ ತಿಂಗಳ ವೀಸಾ ಬುಲೆಟಿನ್‌ನಲ್ಲಿ ದಿನಾಂಕ ಹಿಂದೆಯೂ ಸರಿಯಬಹುದು. ಕಚೇರಿ ತೆರೆದಿದೆ ಎಂದಮಾತ್ರಕ್ಕೆ ನಿಮ್ಮ ದೇಶದವರಿಗೆ ವೀಸಾ ಕೊಡುತ್ತಿದ್ದಾರೆ ಎಂದಲ್ಲ, ಬೇರೆ ಯಾವ ಆದೇಶ ಜಾರಿಯಲ್ಲಿದೆ ಎಂಬುದನ್ನೂ ನೋಡಿಕೊಳ್ಳಿ. ಪಕ್ಕದ ದೇಶದಲ್ಲಿ ಸಂದರ್ಶನ ಕೊಡಬಹುದಾ ಎಂದು ಬಹಳ ಜನ ಕೇಳುತ್ತಾರೆ. ಈಗಿನ ನಿಯಮದಲ್ಲಿ ನೀವು ವಾಸ ಇರುವ ದೇಶ, ಇಲ್ಲವೇ ಪೌರತ್ವ ಇರುವ ದೇಶದಲ್ಲೇ ಕೊಡಬೇಕು. ವಿಶೇಷ ಸಂದರ್ಭ ಬಿಟ್ಟರೆ ಬೇರೆಡೆ ಕಷ್ಟ.

ಈ ಗೊಂದಲದಲ್ಲಿ ಏಜೆಂಟರು ಹುಟ್ಟಿಕೊಳ್ಳುತ್ತಾರೆ. ನನ್ನ ಗಂಡನ ದೊಡ್ಡಪ್ಪನ ಮಗ ಬೇಗ ದಿನಾಂಕ ಕೊಡಿಸುತ್ತೇನೆ ಎಂದವನಿಗೆ 40,000 ನೇಪಾಳಿ ರೂಪಾಯಿ ಕೊಟ್ಟರು. ಟೆಂಟಿನಲ್ಲಿದ್ದ ಮನುಷ್ಯ, ಪರಿಹಾರದ ದುಡ್ಡು. ಒಂದು ಪೈಸೆ ವಾಪಸ್ ಬರಲಿಲ್ಲ. ಸಂದರ್ಶನದ ದಿನಾಂಕ ಯಾರೂ ಮಾರಲಾರರು. ಅರ್ಜಿಗೆ ಒಬ್ಬರಿಗೆ 325 ಡಾಲರ್, ಆದಾಯದ ಪತ್ರಕ್ಕೆ 120 ಡಾಲರ್ ಎನ್‌ವಿಸಿಗೆ ಕಟ್ಟುತ್ತೀರಿ. ಕಚೇರಿ ದಿನಾಂಕ ಬದಲಿಸಿದ್ದಕ್ಕೆ ಅದನ್ನು ಮತ್ತೆ ಕಟ್ಟಬೇಕಿಲ್ಲ. ಯಾರಾದರೂ ಕೇಳಿದರೆ ಮೇಲ್ ವಿಳಾಸ ಡಾಟ್ ಗವ್ ಎಂದು ಮುಗಿಯುತ್ತದಾ ನೋಡಿ.

ನಮಗೆ ಜುಲೈ ಮೊದಲ ವಾರ ದಿನ ಸಿಕ್ಕಿತು. ಅಷ್ಟರಲ್ಲಿ ಮಳೆ ಶುರುವಾಗಿ, ಬಿರುಕು ಬಿಟ್ಟ ಗುಡ್ಡಗಳು ರಸ್ತೆಗೆ ಜಾರುತ್ತಿದ್ದವು. ಐದು ದಿನ ಮೊದಲೇ ಅವರನ್ನು ಕಠ್ಮಂಡುವಿಗೆ ಕರೆಸಿಕೊಂಡೆವು. ಸಂದರ್ಶನದಲ್ಲಿ ಟ್ರಂಕಿನ ಕಥೆಯನ್ನು ಮಾವ ಇದ್ದ ಹಾಗೇ ಹೇಳಿದರು. ನಿಮ್ಮವರಿಗೂ ಅದನ್ನೇ ಹೇಳಿಕೊಡಿ. ಕಾಗದ ಇಲ್ಲದಿದ್ದರೆ ಇಲ್ಲ ಎನ್ನಿ, ಏನಾಯಿತು ಹೇಳಿ, ಬದಲಿಗೆ ತಂದದ್ದು ತೋರಿಸಿ. ಸುಳ್ಳು ಕಾಗದ ಮಾಡಿಸಿದರೆ ಜೀವಮಾನವಿಡೀ ಬಾಗಿಲು ಮುಚ್ಚಬಹುದು. ಇನ್ನೂ ಏನಾದರೂ ಬೇಕಿದ್ದರೆ 221(ಜಿ) ಎಂಬ ಚೀಟಿ ಕೊಡುತ್ತಾರೆ. ಅತ್ತೆಗೆ ಕೊಟ್ಟರು. ಆನ್‌ಲೈನ್‌ನಲ್ಲಿ ನಿರಾಕರಣೆ ಎಂದು ಕಂಡು ನಾವು ಕುಸಿದುಹೋದೆವು. ಅದು ಕೊನೆಯ ಮಾತಲ್ಲ, ಕೇಳಿದ ಕಾಗದ ಕೊಡಲು ಒಂದು ವರ್ಷ ಇರುತ್ತದೆ. ಅಕ್ಕನ ಅಫಿಡವಿಟ್‌ನ ಇಂಗ್ಲಿಷ್ ಅನುವಾದಕ್ಕೆ ಅನುವಾದಕರ ಸಹಿ ಬೇಕಿತ್ತು, ಅಷ್ಟೇ. ಒಂಬತ್ತನೇ ದಿನಕ್ಕೆ ವೀಸಾ ಬಂತು. ಮಾವ ಫೋನ್ ಮಾಡಿ "ಆಯ್ತು ಮಗಳೇ, ಟಿಕೆಟ್ ಮಾಡು" ಅಂದರು.

ವೀಸಾ ಬಂದ ಮೇಲೆ ಅದರ ಮೇಲಿನ ಕೊನೆಯ ದಿನಾಂಕ ಮೊದಲು ನೋಡಿ. ಅತ್ತೆ, ಮಾವನದರಲ್ಲಿ ಅಕ್ಟೋಬರ್ ಇತ್ತು, ವೈದ್ಯಕೀಯ ಪರೀಕ್ಷೆಯ ಲೆಕ್ಕಕ್ಕೇ. ಮೊಹರು ಮಾಡಿದ ಲಕೋಟೆ ಕೊಟ್ಟರೆ ತೆರೆಯಬೇಡಿ, ಚೀಲದಲ್ಲಿ ಹಾಕಿ ಲಗೇಜಿಗೆ ಕಳಿಸಬೇಡಿ, ಕೈಯಲ್ಲೇ ಇಟ್ಟುಕೊಳ್ಳಿ. ಇಡೀ ಕುಟುಂಬ ಒಟ್ಟಿಗೆ ಹೊರಡಲಾಗದಿದ್ದರೆ, ಮುಖ್ಯ ಅರ್ಜಿದಾರರು ಮೊದಲು ಅಥವಾ ಜೊತೆಯಲ್ಲಿ ಬರಬೇಕು, ಅವರ ಮೇಲೆ ವೀಸಾ ಪಡೆದ ಹೆಂಡತಿ ಮಕ್ಕಳು ಅವರಿಗಿಂತ ಮುಂಚೆ ಬರುವಂತಿಲ್ಲ. ವಿಮಾನ ನಿಂತು, ಅಥವಾ ಇನ್ನೊಂದು ವಿಕೋಪ ಬಂದು ವೀಸಾ ಅವಧಿಯೇ ಮುಗಿದರೆ ತಕ್ಷಣ ಕಚೇರಿಗೆ ಬರೆಯಿರಿ. ಕೈ ಮೀರಿದ ಕಾರಣಕ್ಕೆ ಬಳಸಲಾಗದ ವೀಸಾವನ್ನು ಮತ್ತೆ ಕೊಡುವ ಅವಕಾಶ ನಿಯಮದಲ್ಲಿದೆ. ಆಗ ಶುಲ್ಕ ಮತ್ತೆ ಕಟ್ಟಬೇಕಾಗುತ್ತದೆ, ಹೊಸ ಪರೀಕ್ಷೆಯೂ ಬೇಕಾಗಬಹುದು.

ಹೊರಡುವ ಮೊದಲು ಯುಎಸ್‌ಸಿಐಎಸ್ ವಲಸೆ ಶುಲ್ಕ ಕಟ್ಟಿಬಿಡಿ. ಈಗ ಒಬ್ಬರಿಗೆ 235 ಡಾಲರ್. ಕಟ್ಟದಿದ್ದರೂ ಒಳಗೆ ಬಿಡುತ್ತಾರೆ, ಗ್ರೀನ್ ಕಾರ್ಡ್ ಮಾತ್ರ ಬರುವುದಿಲ್ಲ. ಬಂದಿಳಿದಾಗ ಹಾಕುವ ಮುದ್ರೆ ಇರುವ ವೀಸಾವೇ ಒಂದು ವರ್ಷ ಗ್ರೀನ್ ಕಾರ್ಡಿನ ಹಾಗೆ ನಡೆಯುತ್ತದೆ. ಅದನ್ನು ಅವತ್ತೇ ಸ್ಕ್ಯಾನ್ ಮಾಡಿ, ಹಳೆಯ ಎಲ್ಲ ಕಾಗದಗಳ ಪ್ರತಿಯ ಜೊತೆ ಎರಡು ಬೇರೆ ಮನೆಗಳಲ್ಲಿ ಇಡಿ. ನಮ್ಮದು ಒಂದು ಪೆನ್‌ಡ್ರೈವ್ ಇಲ್ಲಿದೆ, ಇನ್ನೊಂದು ಕಠ್ಮಂಡುವಿನಲ್ಲಿ ನಾದಿನಿಯ ಹತ್ತಿರ ಇದೆ. ಅವಳಿಗಾಗಿ ಮಾವ ಮುಂದಿನ ವರ್ಷ ಐ-130 ಹಾಕಿದಾಗ ಒಂದು ಕಾಗದಕ್ಕೂ ಯಾರೂ ಹಳ್ಳಿಗೆ ಓಡಬೇಕಾಗಲಿಲ್ಲ.